ಹಳೇ ತೆರಿಗೆ ಪದ್ಧತಿಯೋ, ಹೊಸದೋ? ರಿಟರ್ನ್ ಹಾಕುವ ಮುಂಚೆ ಈ ಲೆಕ್ಕ ನೋಡಿ

ಭೂಸನೂರ: ತೆರಿಗೆ ಉಳಿಯಬೇಕಂದ್ರೆ ಎಲ್‌ಐಸಿ ಪಾಲಿಸಿ ಮಾಡಿಸಬೇಕು, ರಸೀದಿ ಕೂಡಿಡಬೇಕು ಅನ್ನೋದು ಹಳೇ ರೂಢಿ. ಆದರೆ ವರ್ಷದ ಆದಾಯ 12 ಲಕ್ಷ ರೂ. ಮೀರದವರಿಗೆ 2025-26ರ ಲೆಕ್ಕದಲ್ಲಿ ಹೊಸ ಪದ್ಧತಿಯಡಿ ತೆರಿಗೆಯೇ ಇಲ್ಲ. ರಸೀದಿಯೂ ಬೇಕಿಲ್ಲ. ಷೇರು, ಆಸ್ತಿ ಮಾರಿದ ಲಾಭಕ್ಕೆ ಮಾತ್ರ ಲೆಕ್ಕ ಬೇರೆ.

ವ್ಯತ್ಯಾಸ ಏನು?
ಹಳೇ ಪದ್ಧತಿಯಲ್ಲಿ ಖರ್ಚು, ಉಳಿತಾಯವನ್ನು ಒಂದೊಂದಾಗಿ ತೋರಿಸಬೇಕು. 80ಸಿ ಅಡಿ 1.5 ಲಕ್ಷ, ಆರೋಗ್ಯ ವಿಮೆಗೆ 25 ಸಾವಿರ, ಸ್ವಂತ ಮನೆ ಸಾಲದ ಬಡ್ಡಿಗೆ 2 ಲಕ್ಷದವರೆಗೆ ವಿನಾಯಿತಿ. ಹೊಸದರಲ್ಲಿ ಇವು ಇಲ್ಲ, ದರ ಕಡಿಮೆ. ನೌಕರರಿಗೆ, ಪಿಂಚಣಿದಾರರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಹೊಸದರಲ್ಲಿ 75 ಸಾವಿರ, ಹಳೇದರಲ್ಲಿ 50 ಸಾವಿರ. ಅಂಗಡಿ ಆದಾಯಕ್ಕೆ ಇದು ಎರಡರಲ್ಲೂ ಸಿಗೋದಿಲ್ಲ.

ನೌಕರರ ಲೆಕ್ಕ
ವರ್ಷಕ್ಕೆ 9 ಲಕ್ಷ ಸಂಬಳದ ಶಿಕ್ಷಕರು 80ಸಿ, ಆರೋಗ್ಯ ವಿಮೆ ಎರಡನ್ನೂ ಪೂರ್ತಿ ತೋರಿಸಿದರೂ ಹಳೇ ಪದ್ಧತಿಯಲ್ಲಿ ಸೆಸ್ ಸೇರಿ 49,400 ರೂ. ಕಟ್ಟಬೇಕು. ಹೊಸದರಲ್ಲಿ ಸೊನ್ನೆ. ಸಂಬಳ 15 ಲಕ್ಷ ಇದ್ದರೆ ಹೊಸದರಲ್ಲಿ 97,500 ರೂ. ಹಳೇದು ಲಾಭ ಆಗಬೇಕಂದ್ರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು 5.43 ಲಕ್ಷಕ್ಕೂ ಹೆಚ್ಚು ವಿನಾಯಿತಿ ಇರಬೇಕು. ಮನೆ ಸಾಲದ ಜೊತೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿಯೂ ಇದ್ದವರಿಗೆ ಮಾತ್ರ ಇದು ಸಾಧ್ಯವಾದೀತು.

ಅಂಗಡಿಯವರ ಲೆಕ್ಕ
44ಎಡಿ ಅಡಿ ನಗದು ವಹಿವಾಟಿನ ಕನಿಷ್ಠ 8%, ಫೋನ್‌ಪೇ, ಬ್ಯಾಂಕ್ ಮೂಲಕ ಬಂದಿದ್ದರ 6% ಆದಾಯವೆಂದು ತೋರಿಸಬಹುದು. 1 ಕೋಟಿ ನಗದು ವಹಿವಾಟಿಗೆ ಆದಾಯ 8 ಲಕ್ಷ. ಹೊಸದರಲ್ಲಿ ತೆರಿಗೆ ಇಲ್ಲ. ಹಳೇದರಲ್ಲಿ 80ಸಿ ಪೂರ್ತಿ ಕಳೆದರೂ 44,200 ರೂ.

ಇಲ್ಲೊಂದು ಎಚ್ಚರ. ನೌಕರರು ಪ್ರತಿ ವರ್ಷ ಪದ್ಧತಿ ಬದಲಿಸಬಹುದು. ವ್ಯಾಪಾರಿಗಳಿಗೆ ಹಾಗಿಲ್ಲ. ಹಳೇದು ಬೇಕಂದ್ರೆ ಕೊನೆಯ ದಿನಾಂಕದೊಳಗೆ 10-ಐಇಎ ನಮೂನೆ ಸಲ್ಲಿಸಬೇಕು. ಅಲ್ಲಿಂದ ಒಮ್ಮೆ ಹೊಸದಕ್ಕೆ ಬಂದರೆ, ವ್ಯಾಪಾರದ ಆದಾಯ ಇರೋವರೆಗೂ ಮತ್ತೆ ಹಳೇದಕ್ಕೆ ಹೋಗಲಾಗದು. ಲೆಕ್ಕ ಬರೆಯುವವರು ಹೇಳಿದ ಕಡೆ ಸಹಿ ಮಾಡುವ ಮುಂಚೆ ಇದನ್ನು ಕೇಳಿಕೊಳ್ಳಿ.

ಕಬ್ಬಿನ ರೊಕ್ಕ
ಕಾರ್ಖಾನೆಗೆ ಕಬ್ಬು ಕಳಿಸಿ ಬಂದ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಹಾಗಂತ ಮುಚ್ಚಿಡುವಂತಿಲ್ಲ. ಹೊಲದ ಜೊತೆ ಅಂಗಡಿಯೂ ಇದ್ದು, ಅಂಗಡಿ ಆದಾಯ ಹೊಸ ಪದ್ಧತಿಯಲ್ಲಿ 4 ಲಕ್ಷ ಮೀರಿದರೆ, 5 ಸಾವಿರಕ್ಕಿಂತ ಹೆಚ್ಚಿನ ನಿವ್ವಳ ಕೃಷಿ ಆದಾಯವನ್ನು ದರದ ಲೆಕ್ಕಕ್ಕೆ ಸೇರಿಸುತ್ತಾರೆ. ಉದಾಹರಣೆಗೆ ಅಂಗಡಿಯಿಂದ 10 ಲಕ್ಷ, ಹೊಲದಿಂದ 5 ಲಕ್ಷ ಬಂದರೆ ಸೆಸ್ ಸೇರಿ 15,600 ರೂ. ತೆರಿಗೆ ಬೀಳುತ್ತದೆ. ಕೃಷಿ ಆದಾಯ 5 ಸಾವಿರ ದಾಟಿದವರು ಐಟಿಆರ್-4 ಹಾಕುವಂತಿಲ್ಲ. ಅಂಗಡಿ ಇದ್ದವರಿಗೆ ಐಟಿಆರ್-3.

ಮಾಡದ ಉಳಿತಾಯ ತೋರಿಸಿ ರಿಫಂಡ್ ಕೊಡಿಸ್ತೀವಿ ಅನ್ನೋರನ್ನು ನಂಬಬೇಡಿ. ಸುಳ್ಳು ವಿನಾಯಿತಿ ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ. ಅದು ಬೀಳೋದು ಸಹಿ ಮಾಡಿದವರ ಮೇಲೆ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಎರಡೂ ಪದ್ಧತಿಯ ಲೆಕ್ಕವನ್ನು ಉಚಿತವಾಗಿ ಹಾಕಿ ನೋಡಬಹುದು.