ಹಲವರಿಗೊಂದು ಅಂಚೆಯ ಕಟ್ಟಳೆ

ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾದ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಮುಂದೆ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು, 2016ರಲ್ಲಿ ಧಾರವಾಡದಲ್ಲಿ ಐ.ಐ.ಟಿ. ಆರಂಭವಾಯಿತು. ಗಣಕವಿದ್ಯೆಯನ್ನು ಕಲಿಸುವ ಸಂಸ್ಥೆ ಯಾವುದೇ ಇರಲಿ, ಒಂದೇ ಸರ್ವರಿನಲ್ಲಿ ನೂರಾರು ಜನರಿಗೆ ಖಾತೆ ತೆರೆದಾಗ ಒಂದು ಪ್ರಶ್ನೆ ಏಳುತ್ತದೆ: ಎಲ್ಲರ ಮಿಂಚಂಚೆಯನ್ನೂ ಒಮ್ಮೆಗೇ ಅಣಿಗೊಳಿಸುವುದು ಹೇಗೆ?

ಚಿತ್ರಗಳ ನೆರವಿಲ್ಲದೆ, ಕೀಲಿಮಣೆಯ ಆಜ್ಞೆಗಳಿಂದಲೇ ಪತ್ರಗಳನ್ನು ಓದಿಸುವ ತಂತ್ರಾಂಶಗಳುಂಟು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಅಂತರಜಾಲವನ್ನು ಭಾರತದ ಸಾರ್ವಜನಿಕರಿಗೆ ತೆರೆದ ಬಳಿಕ ಬರಿಯ ಅಕ್ಷರಗಳ ಪರದೆಯ ಖಾತೆ ಪಡೆದ ಅನೇಕರು ಇಂತಹ 'ಪೈನ್' ತಂತ್ರಾಂಶದಲ್ಲಿ ಪತ್ರ ಓದಿದರು. ಅದೇ ವರ್ಷ ಮೈಕೆಲ್ ಎಲ್ಕಿನ್ಸ್ ರಚಿಸಿದ 'ಮಟ್' ಇಂದಿಗೂ ಬಳಕೆಯಲ್ಲಿದೆ.

ಮಟ್ ಮೊದಲು 'ಇಟಿಸಿ' ಕೋಶದಲ್ಲಿರುವ ಸಾಮಾನ್ಯ ಕಡತವನ್ನು ಓದುತ್ತದೆ. ಅನಂತರ ಬಳಕೆದಾರನ ಸ್ವಂತ ಕಡತವನ್ನು ಓದುತ್ತದೆ. ನಂತರ ಓದಿದ್ದೇ ಊರ್ಜಿತ. ಸಂಸ್ಥೆಯ ವಿಳಾಸದ ಹೆಸರನ್ನು ಸಾಮಾನ್ಯ ಕಡತದಲ್ಲಿ ಒಮ್ಮೆ ಬರೆದರೆ ಸಾಕು, ಎಲ್ಲರ ಪತ್ರಗಳೂ ಅದೇ ವಿಳಾಸದಿಂದ ಹೊರಡುತ್ತವೆ. ಬರೆಯದಿದ್ದರೆ ಸರ್ವರಿನ ಒಳಹೆಸರೇ ವಿಳಾಸದಲ್ಲಿ ಸೇರಬಹುದು; ಹೊರಗಿನ ಜಗತ್ತಿಗೆ ಆ ಹೆಸರು ಅಪರಿಚಿತವಾದ್ದರಿಂದ ಉತ್ತರಗಳು ಬಂದು ತಲುಪಲಾರವು. ಉದ್ಯೋಗಕ್ಕೆ ಅರ್ಜಿ ಕಳುಹಿಸಿದ ವಿದ್ಯಾರ್ಥಿಗೆ ಇದು ಸಣ್ಣ ನಷ್ಟವಲ್ಲ. ಇನ್ನು ಪರದೆಯ ಬಣ್ಣ, ಪತ್ರಗಳನ್ನು ಜೋಡಿಸುವ ಕ್ರಮ ಮುಂತಾದುವನ್ನು ಅವರವರ ಅಭಿರುಚಿಗೆ ಬಿಡುವುದೇ ಲೇಸು.

ಪೈನ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತ್ತು. ಬಳಕೆದಾರರು ಬದಲಿಸಬಹುದಾದ ಸಾಮಾನ್ಯ ಕಡತದ ಜೊತೆಗೆ, ಅವರು ಬದಲಿಸಲಾಗದ ಸ್ಥಿರ ಕಡತವನ್ನೂ ಅದು ಒದಗಿಸಿತ್ತು. ಮಟ್‌ನಲ್ಲಿ ಅಂತಹ ಬಿಗಿಯಿಲ್ಲ. ಆರಂಭಿಸುವಾಗ 'ಎನ್' ಸೂಚನೆ ಕೊಟ್ಟವನು ಸಾಮಾನ್ಯ ಕಡತವನ್ನೇ ಬದಿಗಿರಿಸಬಲ್ಲನು. ಆದುದರಿಂದ ಅಲ್ಲಿ ಬರೆದುದು ಅನುಕೂಲವೇ ಹೊರತು ಕಾವಲಲ್ಲ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಸಾಮಾನ್ಯ ಕಡತವನ್ನು ಪ್ರತಿಯೊಬ್ಬ ಬಳಕೆದಾರನ ಪರವಾಗಿಯೂ ತಂತ್ರಾಂಶವು ಓದಬೇಕು. ಎಂದರೆ ಪ್ರತಿಯೊಬ್ಬನೂ ಅದನ್ನು ತೆರೆದು ನೋಡಬಲ್ಲನು. ಅದರಲ್ಲಿ ಗುಪ್ತಪದವನ್ನು ಬರೆಯುವುದೆಂದರೆ ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ. ಗುಪ್ತಪದವು ಅವರವರ ಕಡತದಲ್ಲಿ, ಪರರು ಓದಲಾಗದಂತೆ ಇರಬೇಕು. ಸಾಮಾನ್ಯ ಕಡತವನ್ನು ತಿದ್ದುವ ಅಧಿಕಾರವು ವ್ಯವಸ್ಥಾಪಕನಿಗೆ ಮಾತ್ರ ಸಲ್ಲತಕ್ಕದ್ದು. ತಿದ್ದಿದ ಮೇಲೆ ಆತನು ಸಾಧಾರಣ ವಿದ್ಯಾರ್ಥಿಯೊಬ್ಬನ ಖಾತೆಯಿಂದ ಹೊರಗಿನ ವಿಳಾಸಕ್ಕೆ ಪತ್ರವೊಂದನ್ನು ಕಳುಹಿಸಿ, ಅದಕ್ಕೆ ಉತ್ತರ ಬಂದುದನ್ನು ಕಣ್ಣಾರೆ ಕಂಡ ಬಳಿಕವೇ ಕೆಲಸ ಮುಗಿಯಿತೆಂದು ತಿಳಿಯಬೇಕು. ಅಲ್ಲಿ ತಪ್ಪಿದ ಒಂದು ಸಾಲು ನೂರಾರು ಜನರ ಅಂಚೆಯನ್ನು ತಪ್ಪಿಸುತ್ತದೆ. ಸರಿಯಾದ ಒಂದು ಸಾಲು ಅಷ್ಟೂ ಜನರ ಶ್ರಮವನ್ನು ಉಳಿಸುತ್ತದೆ.