ಕೊರಳೆಲುಬು ಮುರಿದಾಗ: ನೋವು ಹೋದರೆ ಗುಣವಾಯಿತೇ?

ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಕರುಮತ್ತಂಪಟ್ಟಿಯು ಜಪಮಾಲೆ ಮಾತೆಯ ದೇವಾಲಯಕ್ಕೆ ಹೆಸರಾದ ಊರು. ಸುತ್ತಲ ಹಳ್ಳಿಗಳಲ್ಲಿ ಹೊಲ, ತೆಂಗಿನ ತೋಟ, ವಿದ್ಯುತ್ ಮಗ್ಗ, ಒಂದೆರಡು ಹಸು, ಇವನ್ನೇ ನಂಬಿ ಬದುಕುವ ಮನೆಗಳಿವೆ. ಮೋಟಾರ್ ಬೈಕು ಬಂದು ಎಷ್ಟು ವರ್ಷವಾದರೂ ನಮ್ಮಂಥ ಬೇಸಾಯದ ಮನೆಗಳಲ್ಲಿ ಸೈಕಲ್ ಇನ್ನೂ ಮೂಲೆ ಸೇರಿಲ್ಲ. ಬೆಳಿಗ್ಗೆ ಹಾಲಿನ ಕ್ಯಾನು ಹ್ಯಾಂಡಲ್‌ಗೆ ತೂಗುತ್ತದೆ, ಸಂಜೆ ಹಸಿ ಮೇವಿನ ಹೊರೆ ಕ್ಯಾರಿಯರ್ ಏರುತ್ತದೆ. ಐಪ್ಪಸಿ ತಿಂಗಳ ಮಳೆಗೆ ರಸ್ತೆಯ ಅಂಚಿನಲ್ಲಿ ಮಣ್ಣು, ಜಲ್ಲಿ ಬಂದು ಕೂರುತ್ತವೆ. ಒಂದು ಕ್ಷಣದಲ್ಲಿ ಚಕ್ರ ಜಾರಿ, ಹೆಗಲು ನೆಲಕ್ಕೆ ಬಡಿಯುತ್ತದೆ. ಹೀಗೆ ಬಿದ್ದವರಲ್ಲಿ ಸಾಮಾನ್ಯವಾಗಿ ಮುರಿಯುವ ಎಲುಬುಗಳಲ್ಲಿ ಕೊರಳೆಲುಬು ಒಂದು. ಈ ಪೆಟ್ಟಿನಿಂದ ಚೇತರಿಸಿಕೊಳ್ಳುವ ಬಗೆಯನ್ನು ಈ ಸಲ ತಿಳಿದುಕೊಳ್ಳೋಣ.

ಈ ಎಲುಬಿನ ಕೆಲಸವೇನು?

ಕೊರಳಿನ ಬುಡದಲ್ಲಿ ಎದೆಯ ನಡುವಿನ ಎಲುಬಿನಿಂದ ಹೊರಟು ಹೆಗಲಿನ ತುದಿಯವರೆಗೆ ಚಾಚಿರುವ, ತುಸು ಬಳುಕಿದ ಎಲುಬೇ ಕೊರಳೆಲುಬು. ಆಸ್ಪತ್ರೆಯಲ್ಲಿ ಇದನ್ನು ಕಾಲರ್ ಬೋನ್ ಎನ್ನುತ್ತಾರೆ. ತೋಳನ್ನು ಮುಂಡಕ್ಕೆ ಜೋಡಿಸುವ ಎಲುಬಿನ ಸೇತುವೆ ಇದೊಂದೇ. ತಾಯಿಯ ಗರ್ಭದಲ್ಲಿ ಐದಾರು ವಾರಗಳಾಗುವಾಗ ಎಲ್ಲಕ್ಕಿಂತ ಮೊದಲು ಗಟ್ಟಿಯಾಗತೊಡಗುವುದು ಈ ಎಲುಬು. ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತು ದಾಟಿದ ಮೇಲೆ, ಪೂರ್ತಿ ಬಲಿಯುವುದೂ ಇದೇ.

ಇದು ಹೆಚ್ಚಾಗಿ ಮುರಿಯುವುದು ನಡುಭಾಗದಲ್ಲಿ. ಮುರಿದ ಕೂಡಲೇ ತೋಳಿನ ಭಾರ ಹೊರತುಂಡನ್ನು ಕೆಳಗೆ ಎಳೆಯುತ್ತದೆ, ಕುತ್ತಿಗೆಯ ಸ್ನಾಯು ಒಳತುಂಡನ್ನು ಮೇಲಕ್ಕೆ ಎಳೆಯುತ್ತದೆ. ಆದ್ದರಿಂದಲೇ ಹೆಗಲು ಜೋತು, ಚರ್ಮದ ಕೆಳಗೆ ಗಂಟು ಕಾಣುತ್ತದೆ. ಗಾಯಗೊಂಡವರು ಮತ್ತೊಂದು ಕೈಯಿಂದ ಆ ತೋಳನ್ನು ಎತ್ತಿ ಹಿಡಿದುಕೊಂಡೇ ಬರುತ್ತಾರೆ.

ಬಿದ್ದ ಗಳಿಗೆಯಲ್ಲಿ

ತೋಳನ್ನು ಜಗ್ಗಬಾರದು, ತಿರುಗಿಸಬಾರದು, ಎಣ್ಣೆ ಹಾಕಿ ನೀವಬಾರದು. ಟವೆಲ್ಲೋ ಪಂಚೆಯೋ ಕೈಗೆ ಸಿಕ್ಕಿದ ಬಟ್ಟೆಯನ್ನು ಕೊರಳಿಗೆ ಕಟ್ಟಿ, ಮೊಣಕೈ ಮಡಿಸಿ ಅದರಲ್ಲಿ ಇಳಿಬಿಡಬೇಕು. ಗಾಯಾಳುವನ್ನು ಮತ್ತೆ ಸೈಕಲ್ ಹತ್ತಿಸಬಾರದು. ಕೈ ಜೋಮು ಹಿಡಿದರೆ ಅಥವಾ ತಣ್ಣಗಾದರೆ, ಉಸಿರಾಡಲು ಕಷ್ಟವಾದರೆ, ಎಲುಬು ಚರ್ಮವನ್ನು ಚುಚ್ಚುವಂತೆ ನಿಂತಿದ್ದರೆ, ತಲೆಗೆ ಪೆಟ್ಟಾಗಿದ್ದರೆ ತಡಮಾಡದೆ 108 ಕರೆಯಬೇಕು. ಈ ಎಲುಬಿನ ಹಿಂದೆಯೇ ತೋಳಿನ ದೊಡ್ಡ ರಕ್ತನಾಳ, ನರಗಳು ಹಾದುಹೋಗುತ್ತವೆ. ಅದರ ಕೆಳಗೆ ಶ್ವಾಸಕೋಶದ ತುದಿಯಿದೆ. 1850ರಲ್ಲಿ ಇಂಗ್ಲೆಂಡಿನ ಮಾಜಿ ಪ್ರಧಾನಿ ಸರ್ ರಾಬರ್ಟ್ ಪೀಲ್ ಕುದುರೆಯಿಂದ ಬಿದ್ದು ಕೊರಳೆಲುಬು ಮುರಿದುಕೊಂಡು ಮೂರೇ ದಿನಗಳಲ್ಲಿ ತೀರಿಕೊಂಡರು. ಇಂಥದ್ದು ಅಪರೂಪ. ಆದರೂ ಒಮ್ಮೆ ವೈದ್ಯರಿಗೆ ತೋರಿಸಿ ಎಕ್ಸ್-ರೇ ತೆಗೆಸದೆ ಮನೆಯಲ್ಲಿ ಉಳಿಯುವುದು ಜಾಣತನವಲ್ಲ.

ಖರ್ಚಿನ ಭಯದಿಂದ ಹಿಂಜರಿಯುವವರಿಗೆ ಒಂದು ಮಾತು. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಯನ್ನು ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಯೋಜನೆಯನ್ನು ತಮಿಳುನಾಡು ಸರ್ಕಾರ 2021ರ ಡಿಸೆಂಬರಿನಲ್ಲಿ ಜಾರಿಗೆ ತಂದಿತು. ಆಸ್ಪತ್ರೆಗೆ ಹೋದ ಕೂಡಲೇ ಇದನ್ನು ಕೇಳಿ ತಿಳಿದುಕೊಳ್ಳಬೇಕು. ಬಿದ್ದವರನ್ನು ಸದುದ್ದೇಶದಿಂದ ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸು, ಕೋರ್ಟುಗಳ ತೊಂದರೆಯಾಗದಂತೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ ರಕ್ಷಣೆ ಕೊಟ್ಟಿದೆ.

ಕೈಜೋಲಿಯೋ, ಶಸ್ತ್ರಚಿಕಿತ್ಸೆಯೋ?

ತುಂಡುಗಳು ಹೆಚ್ಚು ಸರಿದಿರದಿದ್ದರೆ ಸ್ಲಿಂಗ್ ಎಂದು ಕರೆಯುವ ಕೈಜೋಲಿಯೊಂದೇ ಸಾಕಾಗುತ್ತದೆ. ಹಿಂದೆ ಎರಡೂ ಹೆಗಲನ್ನು ಹಿಂದಕ್ಕೆ ಬಿಗಿದು ಎಂಟರ ಆಕಾರದ ಕಟ್ಟು ಹಾಕುತ್ತಿದ್ದರು. ಅದರಿಂದ ಎಲುಬು ಹೆಚ್ಚು ಚೆನ್ನಾಗಿ ಕೂಡುವುದಿಲ್ಲ, ಕಂಕುಳಲ್ಲಿ ಹೆಚ್ಚು ನೋವಾಗುತ್ತದೆ ಎಂದು ಕಂಡುಬಂದಿದೆ. ತುಂಡುಗಳು ಪೂರ್ತಿ ಬೇರ್ಪಟ್ಟು ಒಂದರ ಮೇಲೊಂದು ಏರಿದ್ದರೆ ಪ್ಲೇಟ್ ಹಾಕಿ ಸ್ಕ್ರೂ ಬಿಗಿಯುವ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಸೂಚಿಸಬಹುದು. ಇಂಥ ರೋಗಿಗಳ ಬಗ್ಗೆ ಕೆನಡಾದ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಜೋಲಿ ಮಾತ್ರ ಕಟ್ಟಿದ 49 ಮಂದಿಯಲ್ಲಿ 7 ಮಂದಿಗೆ ಎಲುಬು ಕೂಡಲಿಲ್ಲ. ಪ್ಲೇಟ್ ಹಾಕಿದ 62 ಮಂದಿಯಲ್ಲಿ ಹಾಗಾದದ್ದು ಇಬ್ಬರಿಗೆ. ಆದರೆ ಪ್ಲೇಟಿಗೂ ಸೋಂಕು, ಚರ್ಮಕ್ಕೆ ಒತ್ತುವುದು, ಮತ್ತೆ ತೆಗೆಸಬೇಕಾಗುವುದು ಮುಂತಾದ ತೊಂದರೆಗಳಿವೆ. ಎರಡನ್ನೂ ಕೇಳಿ ತಿಳಿದು ತೀರ್ಮಾನಿಸಬೇಕು.

2009ರ ಮಾರ್ಚಿನಲ್ಲಿ ಅಮೆರಿಕದ ಸೈಕಲ್ ಪಂದ್ಯಗಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಸ್ಪೇನಿನಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡು, ಪ್ಲೇಟ್ ಹಾಕಿಸಿ, ಮೇ ತಿಂಗಳಲ್ಲಿ ಇಟಲಿಯ ಪಂದ್ಯಕ್ಕೆ ಇಳಿದರು. ಇದನ್ನು ಕೇಳಿ ನಮ್ಮ ಯುವಕರು ಆತುರಪಡಬಾರದು. ಪಂದ್ಯಗಾರನ ಹಿಂದೆ ವೈದ್ಯರ ಪಡೆಯೇ ಇರುತ್ತದೆ. ಅವನು ಮೇವಿನ ಹೊರೆ ಹೊರುವುದಿಲ್ಲ, ಗುದ್ದಲಿ ಹಿಡಿಯುವುದಿಲ್ಲ.

ನಿಜವಾದ ಅಪಾಯದ ಕಾಲ

ಸುಮಾರು 2400 ವರ್ಷಗಳ ಹಿಂದೆ ಗ್ರೀಸ್ ದೇಶದಲ್ಲಿದ್ದ ವೈದ್ಯ ಹಿಪ್ಪಾಕ್ರಟಿಸನ ಹೆಸರಿನಲ್ಲಿ ಉಳಿದಿರುವ ಗ್ರಂಥವೊಂದು ಕೊರಳೆಲುಬಿನ ರೋಗಿಗಳ ಸ್ವಭಾವವನ್ನು ಸರಿಯಾಗಿ ಗುರುತಿಸಿದೆ. ಮೊದಮೊದಲು ಅವರು ದೊಡ್ಡ ಅನಾಹುತವಾಯಿತೆಂದು ಗಾಬರಿಪಡುತ್ತಾರೆ. ನಡೆಯಲು, ಉಣ್ಣಲು ಅಡ್ಡಿಯಿಲ್ಲವೆಂದು ಕಂಡ ಮೇಲೆ ಅದನ್ನು ಅಲಕ್ಷ್ಯ ಮಾಡುತ್ತಾರೆ ಎಂದು ಅದು ಹೇಳುತ್ತದೆ. ಇಂದಿಗೂ ಹೀಗೆಯೇ.

ಮೂರು ವಾರಗಳಾಗುವಾಗ ನೋವು ಬಹುಪಾಲು ತಗ್ಗಿರುತ್ತದೆ. ಆದರೆ ಒಳಗೆ ಕೂಡಿರುವುದು ಇನ್ನೂ ಮೆತ್ತನೆಯ ಗಂಟು. ಹೊಸದಾಗಿ ಕಟ್ಟಿದ ಬದುವಿನ ಹಾಗೆ ಅದು. ನೋಡಲು ನಿಂತಿದೆ, ನೀರು ನುಗ್ಗಿದರೆ ತಡೆಯದು. ಮಕ್ಕಳಲ್ಲಿ ಎಲುಬು 3ರಿಂದ 6 ವಾರಗಳಲ್ಲಿ ಕೂಡುತ್ತದೆ. ದೊಡ್ಡವರಿಗೆ 6ರಿಂದ 12 ವಾರ ಬೇಕು. ನೋವು ಹೋದ ದಿನಕ್ಕೂ ಎಲುಬು ಗಟ್ಟಿಯಾದ ದಿನಕ್ಕೂ ನಡುವಿನ ಈ ಅಂತರದಲ್ಲಿಯೇ ನಮ್ಮ ರೈತರು ಮೋಸಹೋಗುವುದು.

ವಾರ ವಾರದ ಕ್ರಮ

ಮೊದಲ ಎರಡು ವಾರ: ಕೈ ಜೋಲಿಯಲ್ಲಿರಲಿ. ಬೆನ್ನಿಗೆ ದಿಂಬು ಕೊಟ್ಟು ಅರ್ಧ ಕುಳಿತಂತೆ ಮಲಗಿದರೆ ನಿದ್ದೆ ಬರುತ್ತದೆ. ಬೆರಳು, ಮಣಿಕಟ್ಟು, ಮೊಣಕೈಗಳನ್ನು ದಿನಕ್ಕೆ ನಾಲ್ಕಾರು ಸಲ ಆಡಿಸಬೇಕು. ಇಲ್ಲದಿದ್ದರೆ ಅವು ಬಿಗಿಯುತ್ತವೆ. ಬಲಗೈ ಹಣೆಗೆ ಏರದವರು ಎಡಗೈಯಿಂದ ಶಿಲುಬೆ ಗುರುತು ಹಾಕಿದರೆ ಯಾರೂ ನಗಬೇಕಾಗಿಲ್ಲ.

ಮೂರರಿಂದ ಆರನೆಯ ವಾರ: ವೈದ್ಯರು ಹೇಳಿದ ಮೇಲೆ, ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗಾಡಿಸುವ ವ್ಯಾಯಾಮ ಆರಂಭಿಸಬಹುದು. ತೋಳನ್ನು ಹೆಗಲಿಗಿಂತ ಮೇಲೆ ಎತ್ತಬಾರದು. ಒಂದೇ ಕೈಯಲ್ಲಿ ಆಗುವ ಹಗುರ ಕೆಲಸ ಸಾಕು: ಪಂಪ್ ಸ್ವಿಚ್ ಹಾಕುವುದು, ಕಾಯಿ ಎಣಿಸುವುದು, ಲೆಕ್ಕ ಬರೆಯುವುದು.

ಏಳರಿಂದ ಹನ್ನೆರಡನೆಯ ವಾರ: ಎಕ್ಸ್-ರೇಯಲ್ಲಿ ಎಲುಬು ಕೂಡಿದ್ದು ಕಂಡ ಮೇಲೆ ಸ್ವಲ್ಪ ಸ್ವಲ್ಪವೇ ಭಾರ ಹೆಚ್ಚಿಸಬೇಕು. ಸೈಕಲ್ ಹತ್ತುವುದೂ ಆಮೇಲೆಯೇ. ಗುದ್ದಲಿ, ಹೊರೆ, ಗೊಬ್ಬರದ ಮೂಟೆ ಎಲ್ಲಕ್ಕಿಂತ ಕೊನೆಗೆ.

ಮೂರು ಕೆಲಸಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಬೆನ್ನಿಗೆ ಹಾಕುವ ಔಷಧಿ ಸ್ಪ್ರೇಯರಿನ ಪಟ್ಟಿ ನೇರವಾಗಿ ಕೊರಳೆಲುಬಿನ ಮೇಲೆಯೇ ಕೂರುತ್ತದೆ. 16 ಲೀಟರ್ ತುಂಬಿದರೆ ನೀರೇ 16 ಕಿಲೋ. ಹಸು, ಕರುಗಳ ಹಗ್ಗ ಹಿಡಿಯಬಾರದು. ಅವು ಒಮ್ಮೆ ಜಗ್ಗಿದರೆ ಕೂಡಿದ್ದು ಬಿಡಬಹುದು. ಹಾಲು ಕರೆಯುವಾಗ ಕೈಗೆ ಶ್ರಮ ಬೀಳುವುದಲ್ಲದೆ ಹಸು ಒದೆಯುವ ಭಯವೂ ಇದೆ.

ಊಟ, ಬೀಡಿ

ರಾಗಿ, ಹಾಲು, ಮೊಸರು, ನುಗ್ಗೆಸೊಪ್ಪು, ಮೊಟ್ಟೆ, ಬೇಳೆಕಾಳು ನಮ್ಮಲ್ಲೇ ಸಿಗುತ್ತವೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ತಪಸ್ಸುಕಾಲದಲ್ಲಿ ಗಾಯಾಳುಗಳು ಉಪವಾಸ ಮಾಡಬೇಕೆಂಬ ಕಡ್ಡಾಯವಿಲ್ಲ. ಬೀಡಿ, ಸಿಗರೇಟು ಎಲುಬು ಕೂಡುವುದನ್ನು ತಡಮಾಡುತ್ತವೆ. ಬಿಡಲು ಇದೇ ಸಮಯ. ಸಕ್ಕರೆ ಕಾಯಿಲೆಯವರು ಅದನ್ನು ಹತೋಟಿಯಲ್ಲಿಡಬೇಕು. ಗುಣವಾದ ಮೇಲೂ ಸಣ್ಣ ಉಬ್ಬು ಉಳಿಯಬಹುದು, ಅದರಿಂದ ತೊಂದರೆಯಿಲ್ಲ. ಮೂರು ತಿಂಗಳಾದರೂ ನೋವಿದ್ದರೆ ಅಥವಾ ಮುರಿದ ಜಾಗ ಅಲುಗಿದಂತೆನಿಸಿದರೆ ಮತ್ತೆ ತೋರಿಸಬೇಕು.

ನೆರೆಯವರ ಪಾಲು

ಇಷ್ಟೆಲ್ಲ ತಿಳಿದಿದ್ದರೂ ರೈತ ನಾಲ್ಕನೆಯ ವಾರಕ್ಕೆ ಗುದ್ದಲಿ ಹಿಡಿಯುವುದು ಏಕೆ? ಅಜ್ಞಾನಕ್ಕಿಂತ ಹೆಚ್ಚಾಗಿ, ನೀರು ಕಟ್ಟಲು ಬೇರೆ ಯಾರೂ ಇಲ್ಲವೆಂದು. ಹೆಂಗಸಿಗೆ ಪೆಟ್ಟಾದರಂತೂ ಒಲೆ, ನೀರು, ಕೊಟ್ಟಿಗೆ ಮೂರೂ ಕಾದಿರುತ್ತವೆ. ಅವಳಿಗೆ ವಿಶ್ರಾಂತಿ ಕೊಡುವವರು ಇನ್ನೂ ಕಡಿಮೆ.

ನಮ್ಮ ಹಿರಿಯರಲ್ಲಿ ಮುಯ್ಯಾಳಿನ ಪದ್ಧತಿ ಇತ್ತು. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಅದನ್ನು ಗಾಯಾಳುವಿನ ಮನೆಗೂ ನಡೆಸೋಣ. ಒಂದು ಮನೆಯವರು ಹಾಲು ಕರೆದು ಡೈರಿಗೆ ಮುಟ್ಟಿಸಲಿ, ಇನ್ನೊಂದು ಮನೆಯವರು ಮೇವು ತರಲಿ, ಯುವಜನರು ಸರದಿಯ ಮೇಲೆ ನೀರು ಕಟ್ಟಲಿ. ಹಂಚಿಕೊಂಡರೆ ಹನ್ನೆರಡು ವಾರ ಯಾರಿಗೂ ಹೊರೆಯಲ್ಲ.

ಸಂತ ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಬರುವ ಸಮಾರಿಯದವನು ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿದ್ದು ನಮಗೆಲ್ಲ ನೆನಪಿದೆ. ಮಾರನೆಯ ದಿನ ಅವನು ಛತ್ರದವನ ಕೈಗೆ ಹಣ ಕೊಟ್ಟು, ಮುಂದಿನ ಆರೈಕೆಯನ್ನು ಒಪ್ಪಿಸಿ, ಹೆಚ್ಚು ಖರ್ಚಾದರೆ ಹಿಂತಿರುಗುವಾಗ ತಾನೇ ತೀರಿಸುವೆನೆಂದು ಹೇಳಿ ಹೋದದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬಿದ್ದ ದಿನ ಓಡಿಬರುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾಲ್ಕನೆಯ ವಾರದಲ್ಲಿಯೂ ಆ ಮನೆಯ ಬಾಗಿಲಿಗೆ ಹೋಗಿ, ಇಂದು ಏನು ಕೆಲಸವಿದೆ ಎಂದು ಕೇಳೋಣ.