ಮೂರನೇ ದಿನದ ಇಂಜೆಕ್ಷನ್

ನೇಸರಗಿ ಕಡೆಯವರು ಜಡ್ಡು ಜೋರಾದರೆ ಬೈಲಹೊಂಗಲಕ್ಕೋ ಬೆಳಗಾವಿಗೋ ಹೋಗಿ ಅಡ್ಮಿಟ್ ಆಗುತ್ತಾರೆ. ಸಲಾಯಿನ್ ಹಚ್ಚುತ್ತಾರೆ, ಹಿಂದೆಯೇ ಆ್ಯಂಟಿಬಯಾಟಿಕ್ ಇಂಜೆಕ್ಷನ್. ಅನೇಕ ಸಲ ಅದು ಸೆಫ್ಟ್ರಿಯಾಕ್ಸೋನ್. ಸೂಜಿ ಮಾಡದಿದ್ದರೆ ‘ಡಾಕ್ಟರ್ ಏನೂ ನೋಡ್ಲೇ ಇಲ್ರಿ’ ಎನ್ನುವ ಮನೆಯವರೂ ಇದ್ದಾರೆ.

ರೋಗಾಣು ಯಾವುದೆಂದು ತಿಳಿಯುವ ಮೊದಲೇ ಅಂದಾಜಿನ ಮೇಲೆ ಔಷಧ ಶುರುಮಾಡುವುದು ತಪ್ಪೇನಲ್ಲ. ನಂಜೇರಿ ಬಿಪಿ ಕುಸಿದವರಿಗೆ ಗಂಟೆಯೊಳಗೆ ಕೊಡಲೇಬೇಕು. ಆದರೆ ಸಾಧ್ಯವಾದಷ್ಟೂ ಮೊದಲ ಡೋಸ್‌ಗೆ ಮುಂಚೆಯೇ ರಕ್ತವನ್ನೋ ಮೂತ್ರವನ್ನೋ ಕಲ್ಚರ್‌ಗೆ ತೆಗೆದಿಡಬೇಕು; ಆಮೇಲೆ ತೆಗೆದರೆ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ವರದಿಗೆ ಎರಡು–ಮೂರು ದಿನ ಬೇಕು. ಅಸಲು ನಿರ್ಧಾರ ಆಗಬೇಕಾದ್ದು ಆಗ: ಔಷಧ ನಿಲ್ಲಿಸಬಹುದು, ಆ ರೋಗಾಣುವಿಗಷ್ಟೇ ಸಾಕಾಗುವ ಸಣ್ಣ ಔಷಧಕ್ಕೆ ಇಳಿಯಬಹುದು, ರೋಗಿ ಉಣ್ಣುತ್ತಿದ್ದರೆ ಗುಳಿಗೆಗೆ ಬದಲಿಸಬಹುದು. ಯಾರೂ ಕೇಸ್ ಶೀಟ್ ತಿರುವಿ ನೋಡದಿದ್ದರೆ ಮೊದಲ ದಿನ ಬರೆದದ್ದೇ ಡಿಸ್ಚಾರ್ಜ್‌ವರೆಗೂ ಸಾಗುತ್ತದೆ. ‘ಕಲ್ಚರ್ ರಿಪೋರ್ಟ್ ಬಂತೇನ್ರಿ? ಇನ್ನೂ ಸೂಜಿ ಬೇಕೇನ್ರಿ?’ ಎಂದು ರೌಂಡ್ಸ್‌ನಲ್ಲಿ ಮನೆಯವರು ಕೇಳಿದರೆ ಅದು ಉದ್ಧಟತನವಲ್ಲ.

ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2021–22ರಲ್ಲಿ ದೇಶದ 20 ದೊಡ್ಡ ಆಸ್ಪತ್ರೆಗಳ 9,652 ಒಳರೋಗಿಗಳ ಲೆಕ್ಕ ತೆಗೆಯಿತು. ಶೇ 71.9 ಮಂದಿಗೆ ಆ್ಯಂಟಿಬಯಾಟಿಕ್ ಬರೆದಿತ್ತು. ಚಿಕಿತ್ಸೆಗೆಂದು ಬರೆದದ್ದರಲ್ಲಿ ರೋಗಾಣು ಖಚಿತವಾದ ಮೇಲೆ ಬರೆದದ್ದು ಶೇ 6 ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ಈ ಔಷಧಗಳನ್ನು ಆಕ್ಸೆಸ್, ವಾಚ್, ರಿಸರ್ವ್ ಎಂದು ವಿಂಗಡಿಸಿದೆ. ಬರೆದವುಗಳಲ್ಲಿ ಶೇ 57ರಷ್ಟು ಎಚ್ಚರದಿಂದ ಬಳಸಬೇಕಾದ ವಾಚ್ ಗುಂಪಿನವು; ಸೆಫ್ಟ್ರಿಯಾಕ್ಸೋನ್ ಕೂಡ ಅದೇ ಗುಂಪಿನದು.

ಅದೇ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ 55ರಷ್ಟು, ಸೋಂಕಿಗಲ್ಲ, ಸೋಂಕು ಬಾರದಿರಲಿ ಎಂದು ಕೊಟ್ಟದ್ದು. ನನ್ನ ಮಟ್ಟಿಗೆ ದಂಡ ಹೆಚ್ಚಾಗುವುದು ಇಲ್ಲೇ. ಬಹುಪಾಲು ಆಪರೇಷನ್‌ಗಳಿಗೆ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಸೆಫಜೋಲಿನ್‌ನಂಥ ಸಾದಾ ಔಷಧದ ಒಂದು ಡೋಸ್ ಸಾಕು. 24 ಗಂಟೆ ದಾಟಿಸುವ ಅಗತ್ಯ ಬೀಳುವುದು ಅಪರೂಪ. ಹೊಲಿಗೆ ಬಿಚ್ಚುವವರೆಗೂ ಗುಳಿಗೆ ನುಂಗಿಸಿದರೆ ಗಾಯ ಬೇಗ ಮಾಯುವುದಿಲ್ಲ, ಭೇದಿ ಹಿಡಿಯಬಹುದು.

ಮುಂಜಾಗ್ರತೆಯ ಡೋಸ್ ಹೇಗಿರಬೇಕೆಂಬುದಕ್ಕೆ ಬೆಳಗಾವಿಯಲ್ಲೇ ಉದಾಹರಣೆಯಿದೆ. 2023ರಲ್ಲಿ ಪ್ರಕಟವಾದ ಏಳು ದೇಶಗಳ ಎ–ಪ್ಲಸ್ ಅಧ್ಯಯನದಲ್ಲಿ ಇಲ್ಲಿನ ಜೆಎನ್‌ಎಂಸಿ ವೈದ್ಯಕೀಯ ಕಾಲೇಜೂ ಭಾಗಿಯಾಗಿತ್ತು. ಸಹಜ ಹೆರಿಗೆಗೆ ಬಂದ ತಾಯಂದಿರಿಗೆ ಬೇನೆಯ ವೇಳೆ 2 ಗ್ರಾಂ ಅಜಿತ್ರೋಮೈಸಿನ್ ಒಮ್ಮೆ ಮಾತ್ರ ನುಂಗಿಸಿದಾಗ ತಾಯಿಯ ನಂಜು ಅಥವಾ ಸಾವು ಶೇ 2.4ರಿಂದ 1.6ಕ್ಕೆ ಇಳಿಯಿತು. ಶಿಶುಗಳ ನಂಜಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೆರಿಗೆಯಾದ ಮೇಲೆ ಐದು ದಿನ ಗುಳಿಗೆ ಬರೆಯುವವರು ಈ ಅಧ್ಯಯನದ ಹೆಸರು ಹೇಳುವಂತಿಲ್ಲ.